ಗುಲಾಬಿ ವಾಸನೆಯ ಔಷಧ

"ನನ್ನ ಮಗಳ ಔಷಧ ಯಾರೋ ಕದ್ದಿದ್ದಾರೆ ಆಂಟಿ! ಪೊಲೀಸರು ನಮ್ಮಣ್ಣನ್ನ ಎಳ್ಕೊಂಡು ಹೋದ್ರು. ಅವನಲ್ಲ, ಆಣೆ ಮಾಡಿ ಹೇಳ್ತೀನಿ, ಅವನಲ್ಲ!"

ಡಾರಿಯಾ ನನ್ನ ಹಾರ್ಡ್‌ವೇರ್ ಅಂಗಡಿಯ ಬಾಗಿಲು ತಳ್ಳಿಕೊಂಡು ಬಂದು ಹೀಗೆಂದಾಗ ತೆಕ್ಲಾ ಗಲ್ಲಾದ ಪಕ್ಕದಲ್ಲಿ ಕೂತು ಕಾಫಿ ಕುಡಿಯುತ್ತಿದ್ದಳು. ಜಿಲ್ಲೆಯ ಶವಪರೀಕ್ಷಾ ಕಚೇರಿಯಲ್ಲಿ ತನಿಖೆ ಮಾಡಿ ನಿವೃತ್ತಳಾದ ಈ ಹೆಂಗಸು ನನ್ನ ಅಂಗಡಿಯ ಮಹಡಿಯಲ್ಲಿ ಬಾಡಿಗೆಗಿದ್ದಳು. ಊರಿನ ಯಾವ ತಂಟೆಯಾದರೂ ಮೊದಲು ಬರುತ್ತಿದ್ದದ್ದು ಅವಳ ಹತ್ತಿರ, ಆಮೇಲೆ ಪೊಲೀಸರ ಹತ್ತಿರ.

"ಕೂತ್ಕೋ. ಬೇಸಿಲ್, ಅವಳಿಗೂ ಒಂದು ಕಾಫಿ ಕೊಡು," ಎಂದಳು ತೆಕ್ಲಾ, ನನ್ನ ಕಡೆ ತಿರುಗಿ.

ಡಾರಿಯಾಳ ಏಳು ವರ್ಷದ ಮಗಳು ನಾಡಿಯಾಗೆ ಮೂರ್ಛೆರೋಗ. ಯಾವ ಮಾತ್ರೆಗೂ ಬಗ್ಗದ ಆ ರೋಗ ಗಾಂಜಾ ಎಣ್ಣೆಗೆ ಬಗ್ಗಿತ್ತು. ನಮ್ಮ ಪೆನ್ಸಿಲ್ವೇನಿಯಾದಲ್ಲಿ ಅದಕ್ಕೆ ಕಾಯಿದೆಯಿದೆ. ರೋಗಿ ಮಗುವಾದರೆ ದೊಡ್ಡವರು ಆರೈಕೆದಾರರಾಗಿ ಹೆಸರು ನೋಂದಾಯಿಸಿ ಸರ್ಕಾರದಿಂದ ಕಾರ್ಡು ಪಡೆಯಬೇಕು. ಕಾರ್ಡಿಲ್ಲದವರು ಆ ಔಷಧ ತರುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಮಗುವಿನ ಬಾಯಿಗೆ ಹಾಕುವಂತಿಲ್ಲ. ಡಾರಿಯಾಳ ಅಣ್ಣ ರೋಮನ್ ಮೂರು ವರ್ಷದ ಹಿಂದೆ ಗಾಂಜಾ ಮಾರಿ ಜೈಲಿಗೆ ಹೋದವನು, ಷರತ್ತಿನ ಮೇಲೆ ಹೊರಗಿದ್ದವನು. ಅವನಿಗೆ ಕಾರ್ಡು ಸಿಗುವ ಮಾತೇ ಇರಲಿಲ್ಲ. ಮಗುವನ್ನು ನೋಡಿಕೊಳ್ಳುತ್ತಿದ್ದವನು ಮಾತ್ರ ಅವನೇ.

"ಎಂಟು ತಿಂಗಳಿಂದ ಒಂದೇ ಒಂದು ಫಿಟ್ಸ್ ಬಂದಿರ್ಲಿಲ್ಲ," ಎಂದಳು ಡಾರಿಯಾ. "ಈ ಸಲ ಗೋದಾಮಲ್ಲಿ ನಂಗೆ ಎರಡೆರಡು ಪಾಳಿ ಬಿತ್ತು. ಇರೀನ್ ಮೇಡಂ ಹೋಗಿ ಎಣ್ಣೆ ತಂದುಕೊಟ್ರು, ಅವ್ರ ಹತ್ರಾನೂ ಕಾರ್ಡಿದೆಯಲ್ಲ. ಒಂದು ವಾರದಲ್ಲಿ ಮಗು ಮತ್ತೆ ಬಿದ್ಲು. ಆಮೇಲೆ ಬೀಳ್ತಾನೇ ಇದ್ಲು. ಡಾಕ್ಟ್ರು ಪರೀಕ್ಷೆ ಮಾಡಿಸಿದ್ರೆ ಬಾಟಲಿಯಲ್ಲಿ ಔಷಧಾನೇ ಇಲ್ಲ! ಬರೀ ಯಾವುದೋ ಎಣ್ಣೆ!"

ಇರೀನ್ ಎಂದರೆ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವರು, ಜ್ಞಾನಸ್ನಾನದ ದಿನ ನಾಡಿಯಾಳನ್ನು ಎತ್ತಿಕೊಂಡು ನಿಂತ ಧರ್ಮಮಾತೆ. ಪೊಲೀಸ್ ಅಧಿಕಾರಿ ಡಫ್ಫಿಗೆ ಫೋನ್ ಮಾಡಿ, ರೋಮನ್ ಔಷಧ ಮಾರಿಕೊಂಡು ಬಾಟಲಿಗೆ ಬೇರೆ ಎಣ್ಣೆ ತುಂಬಿದ್ದಾನೆಂದು ಹೇಳಿದ್ದೂ ಅವರೇ.

"ಬಾಟಲಿ ತಂದಿದ್ದೀಯಾ? ನೀನೇ ಮುಚ್ಚಳ ತೆಗಿ. ನಾನು ಮುಟ್ಟಿದ್ರೆ ಡಫ್ಫಿ ನನ್ನನ್ನೂ ಒಳಗೆ ಹಾಕ್ತಾನೆ." ತೆಕ್ಲಾ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ಮೂಸಿದಳು. ನಾನೂ ಮೂಸಿದೆ. ತೆಳ್ಳಗೆ ಗುಲಾಬಿಯ ವಾಸನೆ; ಡಾರಿಯಾಳ ಸೋಪಿರಬೇಕು ಅಂದುಕೊಂಡೆ.

"ಸೀಲು?"

"ಒಡೆದಿತ್ತು. ಅಂಗಡಿಯೋರೇ ತೆಗೆದು ತೋರಿಸಿದ್ರು ಅಂದ್ರು ಇರೀನ್ ಮೇಡಂ."

"ಹಿಂದಿನ ಬಾಟಲಿಗಿಂತ ಏನಾದ್ರೂ ಬೇರೆ ಥರ ಇತ್ತಾ?"

"ಇದು ಬೆಳಗ್ಗೆ ಫ್ರಿಡ್ಜ್‌ನಿಂದ ತೆಗೆದಾಗ ಮಬ್ಬಾಗಿರ್ತಿತ್ತು. ಅಂಗೈಲಿ ಹಿಡ್ಕೊಂಡ್ರೆ ತಿಳಿಯಾಗ್ತಿತ್ತು. ಹೊಸ ತಯಾರಿ ಅನ್ಕೊಂಡೆ."

ತೆಕ್ಲಾ ಖಾಲಿ ಲೋಟ ಕೆಳಗಿಟ್ಟಳು. "ಇವತ್ತೇ ಹೋಗಿ ಹೊಸ ಬಾಟಲಿ ತಾ. ನೀನೇ ತಾ. ಎರಡನ್ನೂ ರಾತ್ರಿಯೆಲ್ಲ ಫ್ರಿಡ್ಜ್‌ನಲ್ಲಿಡು."

ನಾವು ಠಾಣೆಗೆ ಹೋದೆವು. ಕಂಬಿಯ ಹಿಂದೆ ರೋಮನ್‌ನ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. "ಆ ಎಣ್ಣೆಯಲ್ಲಿ ನಶೆನೇ ಇಲ್ಲ ತೆಕ್ಲಾ. ಕುಡಿದ್ರೆ ನಿದ್ದೆ ಬರಬಹುದು, ಅಷ್ಟೆ. ನಾನು ಮಾರಿದವನು, ನಂಗೊತ್ತಿಲ್ವಾ? ಅದನ್ನ ಯಾವ ಗಿರಾಕಿ ಕೊಳ್ತಾನೆ?" ಎಂದವನು ಕಂಬಿಗೆ ಮುಖ ಒತ್ತಿ, "ಮಗು ಹೆಂಗಿದ್ದಾಳೆ?" ಎಂದು ಕೇಳಿದ.

ಅಲ್ಲಿಂದ ಇರೀನ್ ಮನೆಗೆ. ಚರ್ಚಿನ ಮಾರಾಟಕ್ಕೆ ಆಲೂಗಡ್ಡೆ ಕಡುಬು ಮಡಚುತ್ತ ಅವರು, "ಕೊಳೆತ ಹಣ್ಣನ್ನ ಬುಟ್ಟಿಯಲ್ಲಿಟ್ಕೊಂಡ್ರೆ ಇನ್ನೇನಾಗುತ್ತೆ? ಆ ಹುಡುಗಿಗೆ ನಾನು ಮೊದಲೇ ಹೇಳಿದ್ದೆ," ಎಂದರು. ಮೂಲೆಯಲ್ಲಿ ಮಾತೆ ಮರಿಯಳ ಪಟ, ಅದರ ಮುಂದೆ ಎಣ್ಣೆದೀಪ, ಪಕ್ಕದಲ್ಲಿ ಪುಟ್ಟ ಸೀಸೆ. ತೆಕ್ಲಾ ಪಟಕ್ಕೆ ಕೈಮುಗಿದು ಸುಮ್ಮನೆ ಹೊರಬಂದಳು.

ಮರುದಿನ ಮಧ್ಯಾಹ್ನ ಡಾರಿಯಾಳ ಅಡುಗೆಮನೆಯಲ್ಲಿ ಎಲ್ಲರೂ ಸೇರಿದೆವು. ಡಫ್ಫಿ ರೋಮನ್‌ನನ್ನು ಬೇಡಿ ತೊಡಿಸಿಯೇ ಕರೆತಂದಿದ್ದ. ಇರೀನ್ ಮಗುವಿಗೆಂದು ಕಡುಬಿನ ಪೊಟ್ಟಣ ತಂದಿದ್ದರು. ನಾಡಿಯಾ ಸೋಫಾದ ಮೇಲೆ ನಿಶ್ಶಕ್ತಳಾಗಿ ಮಲಗಿದ್ದಳು. ಬಿದ್ದಾಗ ಒಡೆದ ತುಟಿ ಇನ್ನೂ ಊದಿತ್ತು.

"ಫ್ರಿಡ್ಜ್ ತೆಗಿ," ಎಂದಳು ತೆಕ್ಲಾ.

ಡಾರಿಯಾ ಎರಡು ಬಾಟಲಿಗಳನ್ನು ಮೇಜಿನ ಮೇಲಿಟ್ಟಳು. ಒಂದು ನೀರಿನಂತೆ ತಿಳಿ, ಇನ್ನೊಂದು ಮಜ್ಜಿಗೆಯಂತೆ ಮಬ್ಬು.

"ಔಷಧ ಕಂಪನಿ ಬೆರೆಸೋದು ಚಳಿಗೆ ಹೆಪ್ಪುಗಟ್ಟದ ಎಣ್ಣೆ. ಮಬ್ಬಾಗಿರೋದು ಆಲಿವ್ ಎಣ್ಣೆ. ಡಫ್ಫಿ, ಕದ್ದು ಮಾರೋನು ಏನು ಮಾಡ್ತಾನೆ? ಅರ್ಧ ತಗೊಂಡು ಅರ್ಧ ಕಲಬೆರಕೆ ಮಾಡ್ತಾನೆ, ಸಿಕ್ಕಿಬೀಳಬಾರದಲ್ಲ. ಇಲ್ಲಿ ಒಂದು ಹನಿ ಔಷಧಾನೂ ಉಳಿಸಿಲ್ಲ. ಇದು ಔಷಧದ ಆಸೆಗೆ ಮಾಡಿದ ಕೆಲಸ ಅಲ್ಲ, ಔಷಧದ ಮೇಲಿನ ದ್ವೇಷಕ್ಕೆ ಮಾಡಿದ್ದು. ರೋಮನ್‌ಗೆ ಇದ್ರಲ್ಲಿ ನಶೆ ಇಲ್ಲ ಅಂತ ಗೊತ್ತು. ಗಾಂಜಾ ಅಂದ್ರೆ ಎಲ್ಲಾ ಒಂದೇ ಅನ್ಕೊಂಡಿರೋರಿಗೆ ಅದು ಗೊತ್ತಿಲ್ಲ."

"ಆಲಿವ್ ಎಣ್ಣೆ ಯಾರ ಮನೇಲಿಲ್ಲ?" ಎಂದ ಡಫ್ಫಿ.

"ಗುಲಾಬಿ ವಾಸನೆದು? ಹಬ್ಬದ ದಿನ ನಮ್ಮ ಪಾದ್ರಿಗಳು ಹಣೆಗೆ ಹಚ್ಚೋ ಎಣ್ಣೆ ಇದು. ಬೇಸಿಲ್, ಎಷ್ಟು ಸಲ ಹಚ್ಚಿಸ್ಕೊಂಡಿದ್ದೀಯ, ನಿಂಗೂ ಗೊತ್ತಾಗ್ಲಿಲ್ವಲ್ಲೋ! ಅದನ್ನ ಸೀಸೆಯಲ್ಲಿ ಮನೆಗೆ ತಗೊಂಡು ಹೋಗೋರು ಕೆಲವರು. ನಿನ್ನೆ ಒಂದು ಸೀಸೆ ಪಟದ ಪಕ್ಕದಲ್ಲೇ ನೋಡ್ದೆ. ಇನ್ನು ಸೀಲು. ಅಂಗಡಿಯೋರಿಗೆ ಫೋನ್ ಮಾಡ್ದೆ. ಸೀಲು ಒಡೆದು ಕೊಟ್ರೆ ಅವ್ರ ಪರವಾನಗಿನೇ ಹೋಗುತ್ತಂತೆ. ಅಂದ್ರೆ ಬಾಟಲಿ ಬಿಚ್ಚಿದ್ದು ಅಂಗಡಿಗೂ ಈ ಮನೆಗೂ ಮಧ್ಯೆ. ಆ ದಾರಿಯಲ್ಲಿ ಅದು ಒಬ್ರ ಕೈಯಲ್ಲಿತ್ತು."

ಎಲ್ಲರ ಕಣ್ಣೂ ಇರೀನ್ ಕಡೆ ತಿರುಗಿತು. ಅವರು ತಲೆ ತಗ್ಗಿಸಲಿಲ್ಲ, ಅದೇ ನನ್ನನ್ನು ಉರಿಸಿದ್ದು.

"ಹೌದು, ಬಚ್ಚಲಿಗೆ ಸುರಿದೆ," ಎಂದರು. "ಅದಕ್ಕಂತಲೇ ಕಾರ್ಡು ಮಾಡಿಸ್ಕೊಂಡೆ. ನನ್ನ ಧರ್ಮಪುತ್ರಿ ಬಾಯಿಗೆ ಗಾಂಜಾನಾ? ದೇವರ ಎಣ್ಣೆ ಹಾಕಿದ್ದೀನಿ. ದಿನಾ ಉಪವಾಸ ಇದ್ದು ಪ್ರಾರ್ಥನೆ ಮಾಡಿದ್ದೀನಿ."

"ಮಗು ನೆಲಕ್ಕೆ ಬಿದ್ದು ಒದ್ದಾಡಿದಾಗ?" ತೆಕ್ಲಾಳ ದನಿ ಏರಿತು. ಅವಳ ದನಿ ಏರಿದ್ದನ್ನು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ. "ಆಗ ಬಾಯಿ ಬಿಡಬಹುದಿತ್ತಲ್ಲ! ದೇವರಿಗೆ ಉಪವಾಸ, ಅಮಾಯಕನಿಗೆ ಜೈಲು! ರೋಮನ್ ಹೆಸರು ಹೇಳಿದ್ದು ಯಾವ ಪ್ರಾರ್ಥನೆ, ಮೇಡಂ?"

ಡಾರಿಯಾ ಕಡುಬಿನ ಪೊಟ್ಟಣ ಎತ್ತಿ ಕಸದ ಡಬ್ಬಿಗೆ ಎಸೆದಳು.

"ಸರ್ಕಾರ ನಮ್ಮಣ್ಣನ ಹಿಂದಿನದೆಲ್ಲ ಕೆದಕಿ ನೋಡ್ತು. ನಿಮ್ಮದು ನೋಡ್ತು, ಕನ್ನಡಿ ಹಾಗೆ ಚೊಕ್ಕವಾಗಿತ್ತು, ಕಾರ್ಡು ಕೊಡ್ತು. ಆಚೆ ಹೋಗಿ! ಹೋಗಿ ನನ್ನ ಮನೆಯಿಂದ!"

ಡಫ್ಫಿ ರೋಮನ್‌ನ ಬೇಡಿ ಬಿಚ್ಚಿದ. "ತಪ್ಪಾಯ್ತು ಕಣೋ," ಎಂದು ಗೊಣಗಿದ. ಇರೀನ್‌ರನ್ನು ಹೊರಗಿನ ಜೀಪಿನಲ್ಲಿ ಕೂರಿಸಿ, ಹೇಳಿಕೆ ಬರೆದುಕೊಳ್ಳಲು ಮರಳಿ ಬಂದ.

ಅಷ್ಟರಲ್ಲಿ ಮಗುವಿನ ಔಷಧದ ಹೊತ್ತಾಗಿತ್ತು. ಡಾರಿಯಾ ಹೊಸ ಬಾಟಲಿಯ ಮುಚ್ಚಳ ತೆಗೆದಳು. ಸಿಟ್ಟಿಗೆ ಅವಳ ಕೈ ಎಷ್ಟು ನಡುಗುತ್ತಿತ್ತೆಂದರೆ ಔಷಧ ಅಳೆಯುವ ಪಿಚಕಾರಿ ಬಾಟಲಿಯ ಬಾಯಿಗೆ ಸೇರಲೇ ಇಲ್ಲ. ಎರಡು ಹನಿ ಮೇಜಿನ ಮೇಲೆ ಬಿತ್ತು.

"ಅಣ್ಣ, ನೀನು ಹಾಕೋ," ಎಂದಳು.

ರೋಮನ್ ಒಂದು ಹೆಜ್ಜೆ ಮುಂದಿಟ್ಟ. ಡಫ್ಫಿಯನ್ನು ನೋಡಿ ನಿಂತ. "ಮುಟ್ಟಬೇಡಪ್ಪ," ಎಂದ ಡಫ್ಫಿ, ಬೇಡಿಕೊಳ್ಳುವವನಂತೆ. "ನಾನಿಲ್ಲೇ ನಿಂತಿದ್ದೀನಿ. ಮುಟ್ಟಿದ್ರೆ ನಾನು ಬರೀಲೇಬೇಕು."

ರೋಮನ್ ತಂಗಿಯ ಹಿಂದೆ ಹೋಗಿ ನಿಂತು, ಬಾಟಲಿಗೆ ಬೆರಳು ತಾಗದಂತೆ ಅವಳ ಎರಡೂ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ. ನಡುಕ ನಿಂತಿತು. ಪಿಚಕಾರಿ ಗೆರೆಯವರೆಗೆ ತುಂಬಿತು. ಹಾಗೇ ಹಿಡಿದುಕೊಂಡು ಇಬ್ಬರೂ ಸೋಫಾದವರೆಗೆ ನಡೆದರು. ನಾಡಿಯಾ ಬಾಯಿ ತೆರೆದಳು.