ಗೆರೆ ದಾಟಿದ ಹಸಿರು ಬಂಡಿ

ಬಹಳ ಹಿಂದೆ, ನಾಡು ನಾಡುಗಳ ನಡುವೆ ಗೋಡೆ ಏಳದೆ ಬರೀ ಗೆರೆ ಇದ್ದ ಕಾಲದಲ್ಲಿ, ಕಂಚಿನಾಡು ಎಂಬ ರಾಜ್ಯವಿತ್ತು. ಅಲ್ಲಿನ ಬಂಡಿಗಳಿಗೆ ಸುತ್ತ ಏಳು ರಾಜ್ಯಗಳಲ್ಲಿ ಹೆಸರು. ಹೆಸರಿದ್ದ ಕಡೆಗೆ ಕಳ್ಳ ಬಾರದೆ ಇರುತ್ತಾನೆಯೇ? ಬಂದ. ಅವನ ಹೆಸರು ಉರಿಗಣ್ಣ, ಕಸುಬು ಮಾಟ. ಬಂಡಿಯಲ್ಲೇ ಮಲಗಿದ ಬಂಡಿಕಾರನ ಮೇಲೆ ಅವನು ಒಂದು ಚಿಟಿಕೆ ಬೂದಿ ಊದಿದರೆ ಸಾಕು, ಆ ಮನುಷ್ಯ ತನ್ನದೇ ಬಂಡಿಯ ಬಲಗಾಲಿಗೆ ಕಡಾಣಿಯಾಗಿಬಿಡುತ್ತಿದ್ದ. ಕಡಾಣಿಯೆಂದರೆ ಗಾಲಿ ಜಾರಿ ಬೀಳದಂತೆ ಅಚ್ಚಿನ ತುದಿಗೆ ತೂರಿಸುವ ಗೇಣುದ್ದದ ಕಬ್ಬಿಣ. ಆಮೇಲೆ ಉರಿಗಣ್ಣ ಬಂಡಿಯ ಬಣ್ಣ ಬದಲಿಸಿ, ಎತ್ತಿನ ಬಣ್ಣ ಬದಲಿಸಿ, ಗಡಿಯಾಚೆಯ ತೊರೆನಾಡಿಗೆ ಮಾರುತ್ತಿದ್ದ.

ಗಡಿಯೆಂದರೆ ನೆಲದ ಮೇಲೆ ಎಳೆದ ಒಂದು ಬಿಳಿ ಗೆರೆ. ಕದ್ದ ಬಂಡಿಯೊಂದಿಗೆ ಅದನ್ನು ದಾಟಿ ಆಚೆಗೆ ಹೋದದ್ದೆಲ್ಲ ತನ್ನ ಹಿಂದಿನದನ್ನು ಮರೆಯುತ್ತಿತ್ತು. ಎತ್ತು ತನ್ನ ಕೊಟ್ಟಿಗೆಯನ್ನು ಮರೆಯುತ್ತಿತ್ತು. ಕಡಾಣಿ ತಾನು ಮನುಷ್ಯನಾಗಿದ್ದುದನ್ನೇ ಮರೆಯುತ್ತಿತ್ತು. ಇದು ಉರಿಗಣ್ಣನೊಬ್ಬನಿಗೆ ಗೊತ್ತಿದ್ದ ಸಂಗತಿ. ಅದಕ್ಕೇ ಅವನು ಗೆರೆಯ ಹತ್ತಿರ ಬಂದೊಡನೆ ಕೆಳಗಿಳಿದು, ಎತ್ತುಗಳನ್ನು ಮಾತ್ರ ಆಚೆಗೆ ಹೊಡೆಯುತ್ತಿದ್ದ. ಜನಕ್ಕೆ ಗೊತ್ತಿದ್ದುದು ಇಷ್ಟೇ: ಬಂಡಿ ಹೋಗುತ್ತದೆ, ಬಂಡಿಕಾರನೂ ಹೋಗುತ್ತಾನೆ.

ಹಾಗೆ ಹೋದವರಲ್ಲಿ ಬರಮ ಒಬ್ಬ. ಅವನಿಗೆ ಕಲ್ಲವ್ವನೆಂಬ ಅಕ್ಕನನ್ನು ಬಿಟ್ಟರೆ ಯಾರೂ ಇರಲಿಲ್ಲ. ಅವಳಿಗೂ ಅವನೇ ಎಲ್ಲ. ತಾಯಿ ಸತ್ತಾಗ ಎರಡು ವರ್ಷದವನನ್ನು ಸೊಂಟಕ್ಕೇರಿಸಿಕೊಂಡವಳು ಅವನಿಗೆ ಮೀಸೆ ಬಂದ ಮೇಲೂ ಮನಸ್ಸಿನಲ್ಲಿ ಇಳಿಸಿರಲಿಲ್ಲ. ಅವಳು ನೆಟ್ಟಗೆ ಗಡಿಕಟ್ಟೆಯ ಈರಭದ್ರ ನಾಯಕನ ಮುಂದೆ ಹೋಗಿ ನಿಂತಳು.

"ಕದ್ದ ಬಂಡಿ ಎಲ್ಲಿ ಸುತ್ತಿದ್ರೂ ಈ ಗೆರಿ ದಾಟಾಕ ಬರಬೇಕ್ರಿ. ನನ್ನ ತಮ್ಮ ಹೋಗೋಮುಂದ ನಾ ಇಲ್ಲಿರಬೇಕು. ಏನಾರ ಕೆಲಸ ಕೊಡ್ರಿ."

"ಕಾವಲಿಗೆ ಮಂದಿ ಅದಾರವ್ವಾ. ಕೀಲೆಣ್ಣಿ ಹಾಕ್ತೀಯೇನು?"

"ಹಾಕ್ತೀನ್ರಿ."

ಕಂಚಿನಾಡಿನವರಿಗೆ ಒಂದು ಹೆಮ್ಮೆಯಿತ್ತು. ತಮ್ಮ ನಾಡಿನಿಂದ ಹೊರಡುವ ಬಂಡಿ ಪಕ್ಕದ ನಾಡಿಗೆ ಸದ್ದಿಲ್ಲದೆ ಹೋಗಬೇಕು. ಗಾಲಿ ಕಿರುಗುಟ್ಟಿದರೆ ತೊರೆನಾಡಿನವರು ನಗುತ್ತಾರೆ, ಎಣ್ಣೆಗೂ ಗತಿಯಿಲ್ಲದವರು ಅನ್ನುತ್ತಾರೆ. ಆದ್ದರಿಂದ ದೂರದಿಂದ ಅಳುತ್ತಾ ಬಂದ ಬಂಡಿ ಕಂಡರೆ ಸಾಕು, "ಪಾಪ, ಬಾಯಾರೇತಿ" ಎಂದು ಎಣ್ಣೆಯ ಕುಡಿಕೆ ಹಿಡಿದು ಓಡುತ್ತಿದ್ದರು. ಕಡಾಣಿ ಕಿತ್ತು, ಗಾಲಿ ಸರಿಸಿ, ಅಚ್ಚಿಗೆ ಎಣ್ಣೆ ಸವರಿ, ಮತ್ತೆ ಕಡಾಣಿ ತೂರಿಸುವುದು. ಎಂಥ ಮರ್ಯಾದಸ್ಥ ಜನ ನೋಡಿ! ಬಂಡಿ ಯಾಕೆ ಅಳುತ್ತಿದೆ ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಮೊದಲನೆಯ ದಿನ ಹಸಿರು ಬಂಡಿ ಬಂತು, ಬಿಳಿ ಎತ್ತು, ಮೇಲೆ ಜವಳಿ ವ್ಯಾಪಾರಿ. ಬರಮನ ಬಂಡಿ ನೀಲಿ, ಎತ್ತು ಕಪ್ಪು. ಇದು ಅಲ್ಲ ಎಂದುಕೊಂಡಳು ಕಲ್ಲವ್ವ. ಗಾಲಿಯ ಗೋಳು ಕೇಳಲಾರದೆ ಓಡಿಹೋಗಿ ಕಡಾಣಿ ಕಿತ್ತಳು. ಅದು ಬೆಚ್ಚಗಿತ್ತು. ಬಿಸಿಲಿಗೆ ಕಾದಿರಬೇಕು ಎಂದುಕೊಂಡು, ಧಾರಾಳವಾಗಿ ಎಣ್ಣೆ ಸವರಿ ಕಳಿಸಿಕೊಟ್ಟಳು. ಬಂಡಿ ಸದ್ದಿಲ್ಲದೆ ಗೆರೆ ದಾಟಿತು.

ಎಂಟು ದಿನ ಬಿಟ್ಟು ಹಳದಿ ಬಂಡಿ ಬಂತು, ಮೇಲೆ ಬೆಲ್ಲದ ವ್ಯಾಪಾರಿ. ಗಾಲಿ ಉರುಳುತ್ತಾ ಹತ್ತಿರವಾದಂತೆ ಆ ಕಿರುಗುಟ್ಟುವಿಕೆಯೊಳಗೆ ಏನೋ ಮಾತಿದ್ದ ಹಾಗೆ ಕೇಳಿಸಿತು. "ನಾ ರು..." ಎಂದು ಬಂಡಿ ನಿಂತಿತು. ಕಲ್ಲವ್ವನ ಕೈಯೂ ನಿಂತಿತು.

"ನಾಯಕರ, ಕೇಳಿಸ್ತೇನ್ರಿ? ಏನೋ ಅಂತೈತಿ."

"ಎಣ್ಣಿ ಬೇಡಾಕತ್ತೇತಿ. ಯಾಕ ಕಂಬದಂಗ ನಿಂತೀ? ಆಚಿ ಕಡೆಯವರು ನೋಡಾಕತ್ಯಾರ." ನಾಯಕ ಅವಳ ಕೈಯಿಂದ ಕುಡಿಕೆ ಕಸಿದುಕೊಂಡು ತಾನೇ ಎಣ್ಣೆ ಹಾಕಿದ. ಗಾಲಿ ಮತ್ತೆ ಬಾಯಿ ಬಿಡಲಿಲ್ಲ. ರುದ್ರನೋ ರುಕ್ಮನೋ, ಆ ಹೆಸರಿನ ಉಳಿದರ್ಧ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅವಳು ಅಂದು ಉಣ್ಣಲಿಲ್ಲ.

ಮತ್ತೆ ಎಂಟು ದಿನಕ್ಕೆ ಕೆಂಪು ಬಂಡಿ ಬಂತು, ಮೇಲೆ ಬಳೆಯ ವ್ಯಾಪಾರಿ. ಗಾಲಿ ಕಿರುಚುತ್ತಿತ್ತು. ನಾಯಕ ಬಾಯಿ ತೆರೆಯುವ ಮೊದಲೇ ಕಲ್ಲವ್ವ ಕುಡಿಕೆಯ ಎಣ್ಣೆಯನ್ನೆಲ್ಲ ಮಣ್ಣಿಗೆ ಸುರಿದುಬಿಟ್ಟಳು.

"ತಲಿ ಕೆಟ್ಟೇತೇನು ನಿನಗ?" ನಾಯಕ ಗದರಿದ.

"ಕೆಟ್ಟೈತ್ರಿ. ಹಂಗಽ ಹೋಗಲಿ ಅದು. ಒಂದು ಸಲ ಕೇಳೂಣು."

ವ್ಯಾಪಾರಿ ಹಲ್ಲು ಕಚ್ಚಿ ಬಂಡಿ ಹೊಡೆದ. ಒಣಗಾಲಿ ಒಂದು ಸುತ್ತು ತಿರುಗಿ "ನಾ ಸಂಗಯ್ಯ" ಅಂದಿತು. ಇನ್ನೊಂದು ಸುತ್ತಿಗೆ "ನಾ ಒಲ್ಲೆ" ಅಂದಿತು. ಗೆರೆಗೆ ಇನ್ನು ಒಂದೇ ಮಾರು. ವ್ಯಾಪಾರಿಯ ವೇಷದಲ್ಲಿದ್ದ ಉರಿಗಣ್ಣ ಇಳಿಯಲು ಒಂದು ಕಾಲು ಕೆಳಗೆ ಬಿಟ್ಟಿದ್ದ. ಕಲ್ಲವ್ವ ನುಗ್ಗಿ ಬಲಗಾಲಿಯ ಕಡಾಣಿಗೆ ಕೈ ಹಾಕಿ ಎಳೆದಳು. ಗಾಲಿ ಕಳಚಿತು, ಬೆದರಿದ ಎತ್ತುಗಳು ಮುಂದಕ್ಕೆ ಜಗ್ಗಿದವು, ವಾಲಿದ ಬಂಡಿ ಗೆರೆಯ ಮೇಲೆ ಉರುಳಿ ಉರಿಗಣ್ಣನನ್ನು ಆಚೆಗೆ ಎಸೆಯಿತು. ಎದ್ದು ಕೂತವನಿಗೆ ಒಂದು ಮಂತ್ರವೂ ನೆನಪಿರಲಿಲ್ಲ. ತನ್ನ ಹೆಸರೂ ನೆನಪಿರಲಿಲ್ಲ. ಎಳೆಮಗುವಿನ ಹಾಗೆ ಮಣ್ಣು ತಿನ್ನತೊಡಗಿದ.

ಮಂತ್ರ ಮರೆತೊಡನೆ ಮಾಟ ಬಿಟ್ಟಿತು. ಕಲ್ಲವ್ವನ ಕೈಯಲ್ಲಿದ್ದ ಕಡಾಣಿ ಭಾರವಾಗಿ ಜಾರಿ ಬಿತ್ತು, ಮನುಷ್ಯನಾಗಿ ಎದ್ದು ಕೂತಿತು. ಗಡಿಯ ಈಚೆಗಿದ್ದ ಉರಿಗಣ್ಣನ ಕೊಟ್ಟಿಗೆಯಲ್ಲಿ ನಲವತ್ತು ಬಂಡಿಗಳು ಒಂದೇ ಸಲಕ್ಕೆ ಬಲಕ್ಕೆ ವಾಲಿದವು, ನಲವತ್ತು ಗಂಡಸರು ಮೈ ಕೊಡವಿಕೊಂಡು ಮನೆಗೆ ಹೊರಟರು.

"ನನ್ನ ತಮ್ಮನ್ನ ಕಂಡೀಯೇನಪಾ? ಬರಮ ಅಂತ," ಕಲ್ಲವ್ವ ಸಂಗಯ್ಯನನ್ನು ಕೇಳಿದಳು.

ಸಂಗಯ್ಯ ತಲೆ ತಗ್ಗಿಸಿದ. "ಕೊಟ್ಟಿಗ್ಯಾಗ ನನ್ನ ಬಾಜೂಕೇ ಇದ್ದ ಅಕ್ಕಾ. ನಮಗಿಂತ ಮೊದಲ ಆ ಕಳ್ಳ ಅವನ್ನ ಗಡಿಗೆ ತಂದ. ಬಂಡಿಗೆ ಹಸಿರು ಬಣ್ಣ ಹಚ್ಚಿದ್ದ."

ಕಲ್ಲವ್ವ ತನ್ನ ಅಂಗೈ ನೋಡಿಕೊಂಡಳು. ಆ ಬೆಚ್ಚಗಿನದು ಬಿಸಿಲಲ್ಲ. ಅವನನ್ನು ಕೈಯಲ್ಲಿ ಹಿಡಿದಿದ್ದಳು, ಹಿಡಿದು ತಾನೇ ಅವನ ಬಾಯಿಗೆ ಎಣ್ಣೆ ಸವರಿದ್ದಳು. ಅಯ್ಯೋ, ಇದಕ್ಕಿಂತ ಅವನು ಸಿಗದೇ ಹೋಗಿದ್ದರೇ ವಾಸಿಯಿತ್ತು. ಗಡಿಯಾಚೆಗೆ ಹೋದವರಿಗೆ ಮಾಟ ಬಿಟ್ಟರೂ ಮನುಷ್ಯರಾಗುವುದು ನೆನಪಿರಲಿಲ್ಲ. ಅವರಲ್ಲಿ ಒಬ್ಬರೂ ಮರಳಲಿಲ್ಲ.

ರಾಜ ಡಂಗುರ ಹೊಡೆಸಿದ. ಅಂದಿನಿಂದ ಗಡಿಯಲ್ಲಿ ಪ್ರತಿ ಬಂಡಿಯನ್ನೂ ಒಣಗಾಲಿಯಲ್ಲೇ ನೂರು ಹೆಜ್ಜೆ ನಡೆಸಿ ಕೇಳಿದ ಮೇಲೆಯೇ ಎಣ್ಣೆ. ಮತ್ತೊಂದು ಕದ್ದ ಬಂಡಿ ಆ ಗೆರೆ ದಾಟಲಿಲ್ಲ. ನಾಡೆಲ್ಲ ಸುಖವಾಗಿತ್ತು. ಕತೆ ಹೇಳುವವನು ಇಲ್ಲಿಗೆ ನಿಲ್ಲಿಸಿದರೆ ಕೇಳುವವರಿಗೆ ನಿದ್ದೆ ಚೆನ್ನಾಗಿ ಬರುತ್ತದೆ. ಆದರೆ ಕಲ್ಲವ್ವನನ್ನು ಗಡಿಕಟ್ಟೆಯ ಮೇಲೆ ಕೂರಿಸಿ ನಾನು ಎದ್ದು ಹೋಗಲಾರೆ.

ಮರುವರ್ಷ ಅದೇ ಹಸಿರು ಬಂಡಿ ಬಂತು. ತೊರೆನಾಡಿನ ಮುದುಕನೊಬ್ಬ ಉಪ್ಪು ಹೇರಿಕೊಂಡು ಬಂದಿದ್ದ. ಪಾಪ, ದುಡ್ಡು ಕೊಟ್ಟು ಕೊಂಡವನು. ಬಂಡಿ ನೂರು ಹೆಜ್ಜೆ ನಡೆಯಿತು. ಗಾಲಿ ಬರೀ ಗಾಲಿಯ ಹಾಗೆ ಕಿರುಗುಟ್ಟಿತು. ಕಲ್ಲವ್ವ ಕಡಾಣಿ ಕಿತ್ತು ಕೈಯಲ್ಲಿ ಹಿಡಿದಳು. ತಣ್ಣಗಿತ್ತು.

"ಬರಮಾ," ಅಂದಳು.

ಏನೂ ಇಲ್ಲ.

"ಏನಾತವ್ವಾ? ಕಡಾಣಿ ಸವದೈತೇನು?" ಮುದುಕ ಕೇಳಿದ.

"ಹೌದ್ರಿ ಯಜಮಾನ್ರ. ಹೊಸದು ಹಾಕಿಕೊಡ್ತೀನಿ. ಇದನ್ನ ನನಗ ಬಿಡ್ರಿ."

"ಒಂದು ಕಬ್ಬಿಣದ ತುಂಡಿಗೆ ಇಷ್ಟ್ಯಾಕ ಅಳ್ತೀ ತಾಯಿ? ತಗೋ."

ಅವಳು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದಳು. ಬಿಸಿನೀರಿನಲ್ಲಿ ಜಿಡ್ಡು ತೊಳೆದಳು. ಈಗ ಪ್ರತಿದಿನ ಬೆಳಿಗ್ಗೆ ರೊಟ್ಟಿ ತಟ್ಟುವಾಗ ಅದನ್ನು ಒಲೆಯ ಹತ್ತಿರ ಇಟ್ಟುಕೊಳ್ಳುತ್ತಾಳೆ. ಮೊದಲಿನಿಂದ ಹೇಳುತ್ತಾಳೆ: ನೀ ಬರಮ, ನಾ ನಿನ್ನ ಅಕ್ಕ, ನಿನಗ ಎರಡು ವರ್ಷ ಇದ್ದಾಗ ಅವ್ವ ಸತ್ತಳು. ಒಲೆಯ ಕಾವಿಗೆ ಕಬ್ಬಿಣ ಬೆಚ್ಚಗಾಗುತ್ತದೆ. ಆಗ ಅವಳು ಅದನ್ನು ಒಲೆಯಿಂದ ದೂರ ಸರಿಸಿ, ತಾನಾಗಿಯೇ ಬೆಚ್ಚಗಿರುತ್ತದೆಯೇ ಎಂದು ನೋಡುತ್ತಾಳೆ. ಆರಿಹೋಗುತ್ತದೆ. ಮತ್ತೆ ಮೊದಲಿನಿಂದ ಹೇಳುತ್ತಾಳೆ.