ನಾಲ್ಕರ ಮೇಲೆ ಕೆಡುವ ಲ್ಯಾಪ್‌ಟಾಪ್

“ಗಾಡಿ ಗೇಟ್ ಹತ್ರಾನೇ ನಿಲ್ಸಿರಣ್ಣ. ಒಂದೇ ನಿಮಿಷ, ನಿಮ್ಮ ರೂಟ್ ಕಳಿಸ್ತೀನಿ,” ಎಂದು ಅಮ್ಮ ಫೋನಿನಲ್ಲಿ ಹೇಳುತ್ತಿದ್ದಳು. ಹೇಳುತ್ತಿರುವಾಗಲೇ ಅವಳ ಮುಂದಿದ್ದ ಲ್ಯಾಪ್‌ಟಾಪಿನ ಪರದೆ ಕಪ್ಪಾಯಿತು.

ಅಮ್ಮ ಬಟನ್ ಒತ್ತಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಒತ್ತಿ ಹಿಡಿದಳು. ಉಹೂಂ.

“ಮೇಡಂ, ಕಳಿಸಿದ್ರಾ? ಹಿಂದೆ ಇನ್ನೂ ಗಾಡಿಗಳು ಬಂದು ನಿಂತಿವೆ,” ಎಂದಿತು ಫೋನು.

ಕಿಟಕಿ ಪಕ್ಕದ ಟೇಬಲಿನಲ್ಲಿ ಭಾಗಾಕಾರ ಮಾಡುತ್ತಿದ್ದ ಪಿಟೀಲು ತಲೆ ಎತ್ತಿ ನೋಡಿದಳು. ಪಿಟೀಲು ಅನ್ನುವುದು ತಾತ ಇಟ್ಟ ಹೆಸರು. ಏನಾದರೂ ಬೇಕು ಅನಿಸಿದರೆ ಅದು ಸಿಗುವ ತನಕ ಈ ಹುಡುಗಿ ಪಿಟೀಲು ಕುಯ್ಯುತ್ತಲೇ ಇರುತ್ತಾಳೆ ಎಂದು ಅವರಿಗೆ ಗೊತ್ತಿತ್ತು. ಸ್ಕೂಲಿನಲ್ಲಿ ಅವಳಿಗೆ ಬೇರೆ ಹೆಸರಿದೆ. ಮನೆಯಲ್ಲಿ ಆ ಹೆಸರಿನಿಂದ ಕರೆದರೆ ಅವಳು ತಿರುಗಿಯೂ ನೋಡುವುದಿಲ್ಲ.

“ಮತ್ತೆ ಹೋಯ್ತಾ?” ತಾತ ಪೇಪರಿನ ಹಿಂದಿನಿಂದ ಕೇಳಿದರು. “ನಮ್ಮ ಹಳೇ ರೇಡಿಯೋ ಹೀಗೆ ಮಾಡಿದ್ರೆ ತಲೆ ಮೇಲೆ ಒಂದು ಕೊಡ್ತಿದ್ದೆ. ಬಾಯಿ ಮುಚ್ಕೊಂಡು ಹಾಡ್ತಿತ್ತು.”

“ಬಾಯಿ ಮುಚ್ಕೊಂಡು ಹೇಗೆ ಹಾಡುತ್ತೆ ತಾತ?”

“ಇದಕ್ಕೆ ಒಂದು ಕೊಟ್ರೆ ಆಫೀಸಿನವರು ನನಗೆ ಎರಡು ಕೊಡ್ತಾರೆ ಮಾವ,” ಎಂದಳು ಅಮ್ಮ. ನಗಲಿಲ್ಲ.

ಅಮ್ಮನದು ಸಾಮಾನು ಸಾಗಿಸುವ ಕಂಪನಿಯಲ್ಲಿ ಕೆಲಸ. ಯಾವ ಲಾರಿ ಯಾವ ದಾರಿಯಲ್ಲಿ ಹೋಗಬೇಕು, ಯಾವ ಅಂಗಡಿಗೆ ಮೊದಲು, ಯಾವುದಕ್ಕೆ ಆಮೇಲೆ ಎಂದು ಮನೆಯಲ್ಲೇ ಕೂತು ಗೊತ್ತುಮಾಡುತ್ತಾಳೆ. ಸಂಜೆ ಲಾರಿಗಳು ಹೊರಡುವ ಹೊತ್ತು. ಸರಿಯಾಗಿ ಆ ಹೊತ್ತಿಗೇ ಲ್ಯಾಪ್‌ಟಾಪು ಆಮೆಯಾಗುತ್ತಿತ್ತು. ಒಂದು ಕ್ಲಿಕ್ ಮಾಡಿದರೆ ಸಣ್ಣ ಚಕ್ರವೊಂದು ಸುತ್ತುತ್ತಾ ಸುತ್ತುತ್ತಾ ಕೂರುತ್ತಿತ್ತು. ಆಮೇಲೆ ಪಟ್ ಎಂದು ಆಫ್ ಆಗುತ್ತಿತ್ತು.

ಮ್ಯಾನೇಜರ್ ಫೋನ್ ಮಾಡಿದರು. ಅವರ ದನಿ ದೊಡ್ಡದು, ಸ್ಪೀಕರ್ ಬೇಕಾಗಲೇ ಇಲ್ಲ. “ಡ್ರೈವರ್‌ಗಳು ನನ್ನ ಮೇಲೆ ರೇಗ್ತಾ ಇದಾರೆ. ನೋಡಿ, ಇನ್ನೊಂದು ಸಲ ಹೀಗಾದ್ರೆ ಸೋಮವಾರದಿಂದ ನೀವು ಡಿಪೋಗೇ ಬಂದುಬಿಡಿ. ಇಲ್ಲಿ ಕೂತೇ ಕೆಲಸ ಮಾಡಿ.”

“ಸರಿ ಸರ್,” ಎಂದಳು ಅಮ್ಮ.

ಪಿಟೀಲುವಿನ ಪೆನ್ಸಿಲ್ ನಿಂತಿತು. ಡಿಪೋ ಊರಿನ ಆ ಕೊನೆಯಲ್ಲಿದೆ. ಮೊದಲು ಅಮ್ಮ ಅಲ್ಲಿಗೇ ಹೋಗುತ್ತಿದ್ದಳು. ಬಸ್ಸು ಬದಲಿಸಿ ಮನೆಗೆ ಬರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಅಪ್ಪ ಮೆಡಿಕಲ್ ಶಾಪ್ ಮುಚ್ಚಿ ಬರುವುದು ಇನ್ನೂ ತಡ. ಸ್ಕೂಲಿನಲ್ಲಿ ನಡೆದದ್ದನ್ನೆಲ್ಲ ಬಾಯಿತುಂಬಾ ತುಂಬಿಕೊಂಡು ಓಡಿ ಬಂದರೆ, ಮನೆಯಲ್ಲಿ ತಾತನ ಗೊರಕೆ ಮಾತ್ರ ಇರುತ್ತಿತ್ತು. ಆ ದಿನಗಳು ಮತ್ತೆ ಬರುವುದು ಪಿಟೀಲುಗೆ ಸುತರಾಂ ಬೇಡವಾಗಿತ್ತು.

ಸ್ವಲ್ಪ ಹೊತ್ತು ಬಿಟ್ಟು ಒತ್ತಿದಾಗ ಲ್ಯಾಪ್‌ಟಾಪು ಏನೂ ಆಗಿಯೇ ಇಲ್ಲವೆಂಬಂತೆ ಕಣ್ಣುಬಿಟ್ಟಿತು. ಅಮ್ಮ ಸಿಕ್ಕಷ್ಟು ಹೊತ್ತಿನಲ್ಲಿ ಲಾರಿಗಳ ದಾರಿ ಕಳಿಸಿ, ಆಫೀಸಿನ ಹೆಲ್ಪ್‌ಡೆಸ್ಕಿಗೆ ಫೋನ್ ಮಾಡಿದಳು. ಈ ಸಲ ಸ್ಪೀಕರ್ ಹಾಕಿದಳು.

“ಬೇಡದ ಪ್ರೋಗ್ರಾಂ ಎಲ್ಲಾ ಕ್ಲೋಸ್ ಮಾಡಿದೀರಾ ಮೇಡಂ?” ಎಂದು ಹೆಲ್ಪ್‌ಡೆಸ್ಕಿನ ಅಕ್ಕ ಕೇಳಿದಳು.

“ಮಾಡಿದೀನಿ.”

“ಅಪ್‌ಡೇಟ್?”

“ಆಗಿದೆ. ರೀಸ್ಟಾರ್ಟ್ ಕೂಡ ದಿನಾ ಮಾಡ್ತೀನಿ.”

“ಬೆಳಗ್ಗೆ ನಾನೇ ಇಲ್ಲಿಂದ ಚೆಕ್ ಮಾಡಿದೆ. ಕುದುರೆ ಥರ ಓಡ್ತಿತ್ತು. ಯಾವಾಗ ಕೆಡೋದು ಇದು?”

“ನಾಲ್ಕರ ಮೇಲೆ. ಮಗಳು ಸ್ಕೂಲಿಂದ ಬಂದ್ಮೇಲೆ ಶುರುವಾಗುತ್ತೆ.”

“ಅವಳು ಏನಾದ್ರೂ ಗೇಮ್ ಗೀಮ್...”

“ಇಲ್ಲಪ್ಪ, ಅವಳು ಮುಟ್ಟೋದೇ ಇಲ್ಲ.”

“ಹಾಗಾದ್ರೆ ಮಗಳನ್ನೇ ರಿಪೇರಿ ಮಾಡಿಸ್ಬೇಕು ಬಿಡಿ,” ಎಂದು ಅಕ್ಕ ನಕ್ಕಳು. ಅಮ್ಮನೂ ನಕ್ಕಳು. ತಾತನ ಪೇಪರು ಕೂಡ ಅಲ್ಲಾಡಿತು. ಪಿಟೀಲುಗೆ ಮಾತ್ರ ನಗು ಬರಲಿಲ್ಲ.

“ಕೊನೇ ಪ್ರಶ್ನೆ ಮೇಡಂ. ಲ್ಯಾಪ್‌ಟಾಪ್ ಟೇಬಲ್ ಮೇಲೇ ಇದೆ ತಾನೆ? ನಾವು ಕೊಟ್ಟ ಚಾರ್ಜರೇ ಹಾಕಿದೀರಾ?”

ಅಮ್ಮ ಟೇಬಲಿನ ಕಡೆ ಒಮ್ಮೆ ನೋಡಿದಳು. “ಹೂಂ, ಟೇಬಲ್ ಮೇಲೇ ಇದೆ,” ಎಂದಳು.

ಪಿಟೀಲು ಬಾಯಿ ತೆರೆದಳು. ಅಮ್ಮ ತುಟಿಯ ಮೇಲೆ ಬೆರಳಿಟ್ಟಳು. ಏಕೆಂದರೆ ಟೇಬಲಿನ ಮೇಲಿದ್ದದ್ದು ಪಿಟೀಲುವಿನ ಪುಸ್ತಕ, ಜಾಮಿಟ್ರಿ ಬಾಕ್ಸು, ನೀರಿನ ಬಾಟಲಿ. ಅಮ್ಮ ಗೋಡೆ ಪಕ್ಕದ ಮಂಚದ ಮೇಲೆ ಕಾಲು ಮಡಚಿಕೊಂಡು ಕೂತಿದ್ದಳು. ಅವಳ ಮುಂದೆ ದಪ್ಪ ದಿಂಬು, ದಿಂಬಿನ ಮೇಲೆ ಲ್ಯಾಪ್‌ಟಾಪು.

“ಯಾಕಮ್ಮ ಸುಳ್ಳು ಹೇಳ್ದೆ?” ಫೋನ್ ಇಟ್ಟ ಕೂಡಲೇ ಪಿಟೀಲು ಕೇಳಿದಳು.

“ಮನೆಯಿಂದ ಕೆಲ್ಸ ಮಾಡೋರಿಗೆ ಟೇಬಲ್ಲು ಕುರ್ಚಿ ಇರ್ಲೇಬೇಕು ಅಂತ ಆಫೀಸಿನ ರೂಲ್. ಅವತ್ತು ಟೇಬಲ್‌ದು ಫೋಟೋ ತೆಗೆದು ಕಳಿಸಿದ್ದೆ. ಈಗ ಮಂಚದ ಮೇಲೆ ಕೂತಿದೀನಿ ಅಂದ್ರೆ ಏನಂದ್ಕೊಳ್ತಾರೆ? ಅಷ್ಟಕ್ಕೂ ನಾನು ಎಲ್ಲಿ ಕೂತ್ರೆ ಅದಕ್ಕೇನಂತೆ?”

ಆ ಮನೆಯಲ್ಲಿ ಟೇಬಲ್ ಇದ್ದದ್ದು ಒಂದೇ. ಅಮ್ಮ ಮನೆಯಿಂದ ಕೆಲಸ ಶುರುಮಾಡಿದಾಗ ಅದು ಅಮ್ಮನ ಪಾಲಾಯಿತು. ಪಿಟೀಲು ನೆಲದ ಮೇಲೆ ಬೋರಲು ಮಲಗಿ ಹೋಂವರ್ಕ್ ಮಾಡುತ್ತಿದ್ದಳು. ಎಲ್ಲರ ಮನೇಲೂ ಮಕ್ಕಳಿಗೆ ಟೇಬಲ್ ಇದೆ, ನನಗೊಬ್ಬಳಿಗೇ ಇಲ್ಲ ಎಂದು ಊಟಕ್ಕೆ ಕೂತಾಗ, ತಲೆ ಬಾಚುವಾಗ, ಮಲಗುವಾಗ ಪಿಟೀಲು ಕುಯ್ದಳು. “ಆಯ್ತು ತಾಯಿ, ನೀನು ಬಂದ್ಮೇಲೆ ಟೇಬಲ್ ನಿಂದೇ,” ಎಂದು ಅಮ್ಮ ಕೈಮುಗಿದಿದ್ದಳು. ಅವತ್ತೇ ಪಿಟೀಲು ಒಂದು ಹಾಳೆಯಲ್ಲಿ ಸ್ಕೆಚ್ ಪೆನ್ನಿನಿಂದ ‘ನಾಲ್ಕರ ಮೇಲೆ ಈ ಟೇಬಲ್ ನನ್ನದು’ ಎಂದು ಬರೆದು ಟೇಬಲಿನ ಅಂಚಿಗೆ ಅಂಟಿಸಿದ್ದಳು.

ಮಾರನೆಯ ದಿನವಿಡೀ ಕ್ಲಾಸಿನಲ್ಲಿ ಅವಳ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ನಾನು ಏನೂ ಮಾಡುವುದಿಲ್ಲ. ಆದರೂ ನಾನು ಬಂದ ಮೇಲೇ ಯಾಕೆ ಕೆಡುತ್ತದೆ?

ಸ್ಕೂಲಿನಿಂದ ಬಂದವಳು ಶೂ ಸದ್ದಾಗದಂತೆ ಬಿಚ್ಚಿ ಬಾಗಿಲ ಸಂದಿಯಿಂದ ಇಣುಕಿದಳು. ಅಮ್ಮ ಟೇಬಲಿನಲ್ಲಿ ಕೂತು ಪಟಪಟ ಟೈಪ್ ಮಾಡುತ್ತಿದ್ದಳು. ಚಕ್ರ ಸುತ್ತುತ್ತಿರಲಿಲ್ಲ. ಲ್ಯಾಪ್‌ಟಾಪಿನಿಂದ ಸಣ್ಣಗೆ ಉಸ್ ಎಂದು ಗಾಳಿಯ ಸದ್ದು ಬರುತ್ತಿತ್ತು. ಟೇಬಲಿನ ಮೇಲಿದ್ದ ಒಂದು ಚೀಟಿ ಆ ಗಾಳಿಗೆ ಅಲ್ಲಾಡುತ್ತಿತ್ತು.

“ಬಂದ್ಯಾ ಪಿಟೀಲು?” ತಾತ ನೋಡಿಬಿಟ್ಟರು.

ಅಮ್ಮ ತಟ್ಟನೆ ಎದ್ದಳು. ಚಾರ್ಜರಿನ ವೈರನ್ನು ಲ್ಯಾಪ್‌ಟಾಪಿನಿಂದ ಕಿತ್ತಳು. ಆಫೀಸಿನವರು ಕೊಟ್ಟ ಆ ಕರಿ ಚಾರ್ಜರು ಟೇಬಲಿನ ಕೆಳಗೇ ಉಳಿಯಿತು. ಅದರ ಪ್ಲಗ್ಗಿಗೆ ಮೂರು ಕಾಲು, ಮಂಚದ ಹತ್ತಿರದ ಹಳೆಯ ಸ್ವಿಚ್‌ಬೋರ್ಡಿಗೆ ಎರಡೇ ತೂತು. ಅಮ್ಮ ಮಂಚದ ಮೇಲೆ ಕೂತು, ದಿಂಬು ಎಳೆದುಕೊಂಡು, ತನ್ನ ಫೋನಿನ ಚಾರ್ಜರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಇದನ್ನೆಲ್ಲ ಅಮ್ಮ ದಿನವೂ ಮಾಡುತ್ತಿದ್ದಳು. ಪಿಟೀಲು ಇವತ್ತೇ ನೋಡಿದ್ದು.

ಅವಳು ಬ್ಯಾಗನ್ನು ಟೇಬಲಿನ ಮೇಲೆ ಇಟ್ಟಳು, ಪುಸ್ತಕ ಹರಡಿದಳು, ಆದರೆ ಕೂರಲಿಲ್ಲ. ಮಂಚದ ಹತ್ತಿರವೇ ಸುಳಿದಾಡುತ್ತಿದ್ದಳು. ಗಡಿಯಾರದ ಮುಳ್ಳು ಐದರ ಹತ್ತಿರ ಬರುವಾಗ ಚಕ್ರ ಸುತ್ತತೊಡಗಿತು.

“ಶುರುವಾಯ್ತು,” ಎಂದಳು ಅಮ್ಮ. ಅವಳ ಮುಖ ಸಣ್ಣದಾಗಿತ್ತು. ಫೋನು ಆಗಲೇ ಗುಂಯ್‌ಗುಡುತ್ತಿತ್ತು.

ಪಿಟೀಲು ಲ್ಯಾಪ್‌ಟಾಪಿನ ಪಕ್ಕ ಅಂಗೈ ಹಿಡಿದಳು. ಗಾಳಿ ಇರಲಿಲ್ಲ. ಒಂದು ಮೂಲೆ ಎತ್ತಿ ಬಗ್ಗಿ ನೋಡಿದಳು. ಅಡಿಯಲ್ಲಿ ಸಾಲಾಗಿ ಸಣ್ಣ ಸಣ್ಣ ಸೀಳುಗಳು, ಎಲ್ಲವೂ ದಿಂಬಿನಲ್ಲಿ ಹೂತುಹೋಗಿದ್ದವು. ಬೆರಳು ತಾಗಿಸಿದರೆ ಇಸ್ತ್ರಿ ಪೆಟ್ಟಿಗೆಯಷ್ಟು ಬಿಸಿ.

“ಅಮ್ಮ, ಇದು ಉಸಿರೇ ಆಡ್ತಿಲ್ಲ.”

“ಈಗ ಬೇಡ ಪುಟ್ಟ, ಸುಮ್ನಿರು.”

“ವೈರ್ ಹಾಕಿದ್ರೂ ಬ್ಯಾಟರಿ ನಂಬರ್ ಕಮ್ಮಿ ಆಗ್ತಿದೆ ನೋಡು. ಆಗ ಅರವತ್ತಿತ್ತು. ಈಗ ಐವತ್ತೊಂಬತ್ತು.”

“ಫೋನ್ ಚಾರ್ಜರ್ ಅಲ್ವಾ, ಸ್ವಲ್ಪ ನಿಧಾನ, ಅಷ್ಟೆ.”

ಪಿಟೀಲು ಅಂಗೈಯಷ್ಟೂ ಇಲ್ಲದ ಆ ಬಿಳಿ ಚಾರ್ಜರನ್ನು ನೋಡಿದಳು. ಟೇಬಲಿನ ಕೆಳಗೆ ಇಟ್ಟಿಗೆಯ ಹಾಗೆ ಬಿದ್ದಿದ್ದ ಕರಿ ಚಾರ್ಜರನ್ನು ನೋಡಿದಳು. ಆಮೇಲೆ ಅಂಚಿಗೆ ಅಂಟಿಸಿದ್ದ ತನ್ನ ಹಾಳೆಯನ್ನು ನೋಡಿದಳು. ಅವಳಿಗೆ ಗೊತ್ತಾಗಿಹೋಯಿತು. ಹೇಳಿದರೆ ಟೇಬಲ್ ಹೋಗುತ್ತದೆ. ಹೇಳದಿದ್ದರೆ ಅಮ್ಮ ಹೋಗುತ್ತಾಳೆ.

ಅವಳು ಓಡಿಹೋಗಿ ಪುಸ್ತಕ, ಬಾಕ್ಸು, ಬಾಟಲಿ ಎಲ್ಲವನ್ನೂ ತೋಳಲ್ಲಿ ಬಾಚಿ ನೆಲಕ್ಕೆ ಸುರಿದಳು. ಅಳಿಸುವ ರಬ್ಬರು ಉರುಳಿ ತಾತನ ಕುರ್ಚಿಯ ಕೆಳಗೆ ಹೋಯಿತು.

“ಅಮ್ಮ, ಇಲ್ಲಿಗೆ ಬಾ. ಬೇಗ.”

“ನಿನ್ನ ಹೋಂವರ್ಕು?”

“ಬಾ ಅಂದ್ನಲ್ಲ.”

ಅಮ್ಮನಿಗೆ ವಾದ ಮಾಡಲು ಪುರಸೊತ್ತಿರಲಿಲ್ಲ. ಲ್ಯಾಪ್‌ಟಾಪು ಎತ್ತಿಕೊಂಡು ಬಂದು ಟೇಬಲಿನ ಮೇಲೆ ಇಟ್ಟಳು. ಪಿಟೀಲು ಕೆಳಗೆ ನುಗ್ಗಿ ಕರಿ ಚಾರ್ಜರಿನ ವೈರ್ ಹಿಡಿದು ಮೇಲೆ ಕೊಟ್ಟಳು. ಲ್ಯಾಪ್‌ಟಾಪು ಬುಸ್ಸೆಂದು ಗಾಳಿ ಬಿಟ್ಟಿತು. ಬಿಸಿಗಾಳಿಗೆ ಟೇಬಲಿನ ಮೇಲಿದ್ದ ಪೆನ್ಸಿಲ್ ಸಿಪ್ಪೆ ಹಾರಿತು. ಚಕ್ರ ಇನ್ನೂ ಸುತ್ತುತ್ತಿತ್ತು. ಮೂವರೂ ಅದನ್ನೇ ನೋಡುತ್ತ ನಿಂತರು. ತಾತ ಕೈ ಎತ್ತಿದ್ದರು, ಒಂದು ಕೊಡಲು ತಯಾರಾಗಿ.

“ಮಾವ, ಬೇಡ,” ಎಂದಳು ಅಮ್ಮ.

ಚಕ್ರ ನಿಂತಿತು. ಮ್ಯಾಪ್ ತೆರೆದುಕೊಂಡಿತು. ಸ್ವಲ್ಪ ಹೊತ್ತಿಗೆ ಐವತ್ತೊಂಬತ್ತು ಮತ್ತೆ ಅರವತ್ತಾಯಿತು. ಅಮ್ಮ ಒಂದಾದ ಮೇಲೊಂದು ದಾರಿ ಕಳಿಸಿದಳು. ಲಾರಿಗಳು ಒಂದರ ಹಿಂದೆ ಒಂದು ಗೇಟು ದಾಟಿದವು.

ಕೆಲಸ ಹಗುರಾದ ಮೇಲೆ ಅಮ್ಮ ತಾನೇ ಹೆಲ್ಪ್‌ಡೆಸ್ಕಿಗೆ ಫೋನ್ ಮಾಡಿದಳು. “ನಿನ್ನೆ ನಾನು ಸುಳ್ಳು ಹೇಳಿದ್ದೆ. ಟೇಬಲ್ ಮೇಲೆ ಇರ್ಲಿಲ್ಲ, ದಿಂಬಿನ ಮೇಲಿತ್ತು. ಫೋನ್ ಚಾರ್ಜರ್ ಹಾಕಿದ್ದೆ.”

“ಅಯ್ಯೋ ಮೇಡಂ,” ಎಂದಳು ಅಕ್ಕ. “ಗಾಳಿ ಹೋಗೋಕೆ ಜಾಗ ಇಲ್ಲ, ಹೊಟ್ಟೆಗೂ ಅರ್ಧ. ಬಿಸಿ ಆದ್ರೆ ಅದು ಮೊದಲು ನಿಧಾನ ಆಗುತ್ತೆ. ಆಗ್ಲೂ ನಾವು ನೋಡ್ಲಿಲ್ಲ ಅಂದ್ರೆ ತಾನೇ ಆಫ್ ಆಗುತ್ತೆ. ಯಾರು ಕಂಡುಹಿಡಿದ್ರು ಇದನ್ನ?”

“ರಿಪೇರಿ ಮಾಡಿಸ್ಬೇಕು ಅಂದ್ರಲ್ಲ, ಅವಳೇ,” ಎಂದಳು ಅಮ್ಮ.

ಪಿಟೀಲು ಅಷ್ಟರಲ್ಲಿ ಮಂಚ ಹತ್ತಿದ್ದಳು. ಅಮ್ಮ ಕೂರುತ್ತಿದ್ದ ಜಾಗದಲ್ಲೇ ಕಾಲು ಮಡಚಿ ಕೂತು, ದಿಂಬಿನ ಮೇಲೆ ಪುಸ್ತಕ ಇಟ್ಟುಕೊಂಡು ಭಾಗಾಕಾರ ಶುರುಮಾಡಿದಳು. ಪುಸ್ತಕ ವಾಲುತ್ತಿತ್ತು. ಬಗ್ಗಿ ಬರೆದರೆ ಕತ್ತು ಎಳೆಯುತ್ತಿತ್ತು. ಗೋಡೆಗೆ ಒರಗಿದರೆ ಪುಸ್ತಕ ಎಟುಕುತ್ತಿರಲಿಲ್ಲ. ಎರಡನೆಯ ಲೆಕ್ಕ ಮುಗಿಯುವ ಮೊದಲೇ ಕಾಲು ಜೋಮು ಹಿಡಿಯಿತು.

ಅವಳು ಪೆನ್ಸಿಲ್ ಕೆಳಗಿಟ್ಟು ಅಮ್ಮನ ಬೆನ್ನನ್ನು ನೋಡಿದಳು. ಅಮ್ಮ ಕುರ್ಚಿಗೆ ಒರಗಿ ಕೂತಿದ್ದಳು. ಟೈಪ್ ಮಾಡುತ್ತಲೇ ಒಂದು ಕೈಯಿಂದ ಸೊಂಟ ಒತ್ತಿಕೊಳ್ಳುತ್ತಿದ್ದಳು. ಸಂಜೆ ಹೊತ್ತು ಅಮ್ಮ ಹಾಗೆ ಮಾಡುವುದನ್ನು ಪಿಟೀಲು ಎಷ್ಟೋ ಸಲ ನೋಡಿದ್ದಳು. ಯಾಕೆ ಎಂದು ಕೇಳಿರಲಿಲ್ಲ. ಲ್ಯಾಪ್‌ಟಾಪಾದರೂ ಬಿಸಿಯಾಗಿ, ನಿಧಾನವಾಗಿ, ಕೊನೆಗೆ ಆಫ್ ಆಗಿ ತನ್ನ ಕಷ್ಟ ಹೇಳಿಕೊಂಡಿತ್ತು. ಅಮ್ಮ ಏನೂ ಹೇಳಿರಲಿಲ್ಲ.

ಪಿಟೀಲು ಮಂಚದಿಂದ ಇಳಿದಳು. ಜೋಮು ಹಿಡಿದ ಕಾಲನ್ನು ಎಳೆದುಕೊಂಡು ಅಡುಗೆಮನೆಗೆ ಹೋಗಿ, ಮೇಲಿನ ಡಬ್ಬ ತೆಗೆಯಲು ಇಟ್ಟಿದ್ದ ಸ್ಟೂಲು ತಂದಳು. ಟೇಬಲಿನ ಇನ್ನೊಂದು ಬದಿಗೆ ಹಾಕಿದಳು.

“ಏನೇ ಇದು?” ಎಂದಳು ಅಮ್ಮ.

“ನೀನು ಅಲ್ಲೇ ಕೂತಿರು. ನಂಗೆ ಈ ತುದಿ ಸಾಕು.”

ಅಮ್ಮ ಅವಳನ್ನೇ ನೋಡಿದಳು. ಮೌಸನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡು ಜಾಗ ಮಾಡಿಕೊಟ್ಟಳು.

ಸ್ಟೂಲಿನ ಒಂದು ಕಾಲು ಗಿಡ್ಡ. ಕೂತರೆ ಲೊಡಲೊಡ ಎನ್ನುತ್ತಿತ್ತು. ಪಿಟೀಲು ಟೇಬಲಿನ ಅಂಚಿಗೆ ಅಂಟಿಸಿದ್ದ ಹಾಳೆಯನ್ನು ಕಿತ್ತು, ನಾಲ್ಕು ಮಡಿಕೆ ಮಾಡಿ, ಆ ಕಾಲಿನ ಕೆಳಗೆ ತುರುಕಿದಳು. ಸ್ಟೂಲು ಅಲ್ಲಾಡುವುದನ್ನು ನಿಲ್ಲಿಸಿತು.

“ಏನಿವತ್ತು, ಪಿಟೀಲು ಸದ್ದೇ ಇಲ್ಲ?” ಎಂದರು ತಾತ, ಕುರ್ಚಿಯ ಕೆಳಗಿನಿಂದ ರಬ್ಬರು ಎತ್ತಿ ಕೊಡುತ್ತಾ.

ಪಿಟೀಲು ಮೂರನೆಯ ಲೆಕ್ಕ ಶುರುಮಾಡಿದಳು. ಲ್ಯಾಪ್‌ಟಾಪಿನ ಬೆಚ್ಚನೆಯ ಗಾಳಿ ಅವಳ ಕೈಗೆ ತಾಗುತ್ತಿತ್ತು. ಅವಳು ಕೈ ಸರಿಸಲಿಲ್ಲ, ಪುಸ್ತಕವನ್ನು ಮಾತ್ರ ಆ ಗಾಳಿಗೆ ಅಡ್ಡವಾಗದಂತೆ ಸ್ವಲ್ಪ ಪಕ್ಕಕ್ಕೆ ಇಟ್ಟುಕೊಂಡಳು.