ಸಬೀಲ್ ಕಟ್ಟೆಯ ಗ್ರಾನೈಟ್ ಒಡೆದವರು

ಮಾರ್ಚ್ ಹನ್ನೊಂದರ ಬೆಳಿಗ್ಗೆ ಗುತ್ತಿಗೆದಾರ ಮನೋಹರ್ ಚನ್ನಪಟ್ಟಣದ ಠಾಣೆಗೆ ದೂರು ತಂದರು. ಪೇಟೆಯ ಹಳೆಯ ಸಬೀಲ್ ಕಟ್ಟೆಗೆ ತಾವು ಹೊದಿಸಿದ್ದ ಗ್ರಾನೈಟನ್ನು ಮುಂಜಾನೆ ಯಾರೋ ಒಡೆದಿದ್ದಾರೆ. ಕಾಮಗಾರಿ ವಿರುದ್ಧ ಅರ್ಜಿ ಹಾಕಿದ್ದ ರೇಷ್ಮೆ ನೂಲಿನ ವ್ಯಾಪಾರಿ ವಾಸಿಂ ಮೇಲೆ ಅನುಮಾನ. ಇನ್‌ಸ್ಪೆಕ್ಟರ್ ರಮ್ಯಾ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ದಾಸಪ್ಪನವರೊಂದಿಗೆ ಸ್ಥಳಕ್ಕೆ ಹೋದರು.

ದಾರಿಹೋಕರ ಬಾಯಾರಿಕೆಗೆಂದು ಇನ್ನೂರು ವರ್ಷಗಳ ಹಿಂದೆ ಒಬ್ಬ ಮುಸ್ಲಿಂ ವ್ಯಾಪಾರಿ ಕಟ್ಟಿಸಿದ ಕಲ್ಲಿನ ಕಾರಂಜಿ ಅದು. ಜೀರ್ಣೋದ್ಧಾರದ ಹೆಸರಿನಲ್ಲಿ ಅದರ ಪರ್ಷಿಯನ್ ಬರಹವೂ ನೀರಿನ ಬಾಯಿಯೂ ಮುಚ್ಚಿಹೋಗಿದ್ದವು. ಈಗ ಗ್ರಾನೈಟ್ ಚೂರುಗಳು ನೆಲದಲ್ಲಿದ್ದವು. ಹಳೆಯ ಕಲ್ಲಿಗೆ ಒಂದು ಗೀರೂ ಬಿದ್ದಿರಲಿಲ್ಲ. ನೀರು ಸುರಿಯುತ್ತಿತ್ತು, ಜನ ಬೊಗಸೆಯೊಡ್ಡಿ ಕುಡಿಯುತ್ತಿದ್ದರು.

ಪಂಚನಾಮೆಯ ವೇಳೆ ದಾಸಪ್ಪ ತೊಟ್ಟಿಯ ಹಿಂದಿನಿಂದ ಒಂದು ಹಾರೆ ಎತ್ತಿದರು. ಹಿಡಿಗೆ ಬಾಳೆನಾರು ಸುತ್ತಿತ್ತು. ಎದುರಿನ ಟೀ ಅಂಗಡಿಯ ರಸೂಲ್ ತಾನೇನೂ ನೋಡಿಲ್ಲವೆಂದ. ಇಡೀ ಬೀದಿಯೇ ನೋಡಿರಲಿಲ್ಲ. ವಾಸಿಂ ಆ ಹೊತ್ತಿಗೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿದ್ದದ್ದು ಅಲ್ಲಿನ ಕ್ಯಾಮೆರಾದಲ್ಲಿ ಸಿಕ್ಕಿತು.

ಆ ಬೀದಿಯಲ್ಲಿ ಇನ್ನೂ ಬಾಳೆನಾರಿನಲ್ಲೇ ಹೂ ಕಟ್ಟುವವಳು ಕಟ್ಟೆಯ ಪಕ್ಕ ಕೂರುವ ಎಪ್ಪತ್ತರ ದೊಡ್ಡಲಕ್ಷ್ಮಮ್ಮ ಒಬ್ಬಳೇ. ರಮ್ಯಾ ಅವಳಿಗೆ ಹಾರೆ ತೋರಿಸಿದರು.

“ಇದು ಯಾರದು?”

“ನಂದೇ ಕಣವ್ವ. ಒಡ್ದಿದ್ದೂ ನಾನೇ. ಸಿಮೆಂಟು ಇನ್ನೂ ಹಸಿ ಇತ್ತು.”

“ಯಾರು ಹೇಳಿಕೊಟ್ಟರು?”

“ನೀರಿನ ಬಾಯಿ ಬುಡ್ಸೋಕೆ ನಂಗ್ಯಾರು ಹೇಳ್ಕೊಡ್ಬೇಕು?”

ಠಾಣೆಯಲ್ಲಿ ಮುದುಕಿಯನ್ನು ಕಂಡು ಮನೋಹರ್ ಮೆತ್ತಗಾದರು. ತಪ್ಪಾಯಿತೆಂದು ಹೇಳಿದರೆ ದೂರು ಮುಂದುವರಿಸುವುದಿಲ್ಲ ಎಂದರು. ಒಂದು ಮಾತು ಹೇಳಿ ಮನೆಗೆ ಹೋಗಮ್ಮ ಎಂದು ದಾಸಪ್ಪನವರೂ ಬೇಡಿಕೊಂಡರು. ಅವಳು ಕುರ್ಚಿಯಿಂದ ಏಳಲಿಲ್ಲ.

“ತಪ್ಪು ಮಾಡಿದ್ರೆ ತಾನೆ? ತಿರ್ಗಾ ಮುಚ್ಚುದ್ರೆ ತಿರ್ಗಾ ಒಡಿತೀನಿ. ಅದ್ನೂ ಬರ್ಕೊ.”

ರಮ್ಯಾ ಬರೆದುಕೊಂಡರು. ಮಧ್ಯಾಹ್ನ ಬಂಧನವಾಯಿತು. ಸಂಜೆಯೊಳಗೆ ಜಾಮೀನಿಗೆ ರಸೂಲ್ ಮತ್ತು ವಾಸಿಂ ಬಂದು ನಿಂತಿದ್ದರು.

ಅವಳ ಹೇಳಿಕೆ ಚಿಕ್ಕದು. ಅವಳ ತಾಯಿ ಸೌದೆ ಹೊತ್ತು ಪೇಟೆಗೆ ಬರುತ್ತಿದ್ದಳು. ಊರ ಬಾವಿಯನ್ನು ಅವರ ಜಾತಿಯವರು ಮುಟ್ಟುವಂತಿರಲಿಲ್ಲ. ಹೋಟೆಲಿನವರು ಬೊಗಸೆಗೆ ಮೇಲಿನಿಂದ ನೀರು ಸುರಿಯುತ್ತಿದ್ದರು. ಈ ಕಟ್ಟೆಯಲ್ಲಿ ಮಾತ್ರ ನೀನು ಯಾರೆಂದು ಯಾರೂ ಕೇಳುತ್ತಿರಲಿಲ್ಲ. ಮೊದಲ ಸಲ ಕಲ್ಲಿಗೆ ಕೈಯೂರಿ ಕುಡಿದ ದಿನ, ದಾಹ ತೀರಿದ ಮೇಲೂ ಅವ್ವ ಕುಡಿಯುತ್ತಲೇ ಇದ್ದಳಂತೆ.